ಮುಗ್ಗಲಿಗೆ ತೊಂಬತ್ತೇಳು ಅಂಕ

ನನ್ನ ತಮ್ಮನ ಮೂಗು ಹೋಯಿತು ಎಂದರೆ ಕೇಳಿದವರು ಮೊದಲು ಅವನ ಮುಖ ನೋಡುತ್ತಾರೆ. ಮೂಗು ಇದ್ದಲ್ಲೇ ಇದೆ. ನಮ್ಮಪ್ಪನ ಮೂಗಿನ ಹಾಗೇ ಉದ್ದಕ್ಕೆ, ಸ್ವಲ್ಪ ಎಡಕ್ಕೆ ವಾಲಿಕೊಂಡು. ಹೋಗಿರುವುದು ಅದರ ಕೆಲಸ. ಮೂರು ತಿಂಗಳ ಹಿಂದೆ ಒಂದು ವಾರ ಜ್ವರ ಬಂತು, ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಬೇರೆಯವರಿಗಾಗಿದ್ದರೆ ಅಷ್ಟೇ ತಾನೇ ಎನ್ನಬಹುದಿತ್ತು. ಇವನು ಅನ್ನ ತಿನ್ನುತ್ತಿದ್ದುದೇ ಮೂಗಿನಿಂದ.

ಹೊರದೇಶದ ವೈನ್ ತರಿಸಿ ಮಾರುವ ದೊಡ್ಡ ಕಂಪನಿಯೊಂದರಲ್ಲಿ ಅವನು ಮುಖ್ಯ ರುಚಿಗಾರ. ಯಾವ ಬಾಟಲಿ ಕಪಾಟು ಏರಬೇಕು, ಯಾವುದು ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹೋಗಬೇಕು ಎಂದು ಇಪ್ಪತ್ತೆರಡು ವರ್ಷದಿಂದ ಅವನೇ ಹೇಳುತ್ತಾನೆ. ಕುತ್ತಿಗೆಯಲ್ಲಿ ಸರಪಳಿಗೆ ನೇತು ಹಾಕಿದ ಬೆಳ್ಳಿಯ ಪುಟ್ಟ ಬಟ್ಟಲು, ಅದು ಅವನ ಹುದ್ದೆಯ ಗುರುತು. ಆಫೀಸಿನಲ್ಲಿ ಎಲ್ಲರೂ ಅವನನ್ನು ಮೂಗಣ್ಣ ಎನ್ನುತ್ತಾರೆ.

ನಾನು ಅವನ ಅಕ್ಕ. ನನ್ನದೇ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವವಳು, ಮೂವತ್ತೊಂದು ವರ್ಷದಿಂದ. ನನ್ನದೂ ಮೂಗಿನ ಕೆಲಸವೇ, ಆದರೆ ನನಗೆ ಯಾರೂ ಬಟ್ಟಲು ಕಟ್ಟಿಲ್ಲ. ಗಿರಾಕಿ ಬಂದು ಟೀ ಚೆಲ್ಲಿತು ಎನ್ನುತ್ತಾನೆ, ಅವನ ಕೋಟು ಬೇರೆ ಏನೋ ಹೇಳುತ್ತದೆ. ನಾನು ಕೋಟನ್ನು ನಂಬುತ್ತೇನೆ. ಗಿರಾಕಿಗೆ ಬೇಜಾರಾದರೂ ಕಲೆ ಇಂಥದ್ದೇ ಎಂದು ಮುಖಕ್ಕೆ ಹೇಳುತ್ತೇನೆ, ಹೋಗದಿದ್ದರೆ ಹೋಗಲ್ಲ ಎನ್ನುತ್ತೇನೆ. ಇದರಿಂದ ನನಗೆ ಬಾಯಿಬಡುಕಿ ಎಂಬ ಹೆಸರೂ ಬಂದಿದೆ, ಬರಲಿ.

ವಿಷಯ ನನಗೆ ಗೊತ್ತಾಗಿದ್ದು ಹೀಗೆ. ಒಂದು ಬೆಳಿಗ್ಗೆ ತಮ್ಮ ಅಂಗಡಿಗೆ ಬಂದ. ಮೇಜಿನ ಮೇಲೆ ಒಂದು ಕೋಟಿತ್ತು. ಅದರ ಜೇಬಿನಲ್ಲಿ ಒಂದು ವಾರದ ಕೆಳಗೆ ಕೋಳಿಮೊಟ್ಟೆ ಒಡೆದಿತ್ತು, ಅದು ಜೇಬಿಗೆ ಹೇಗೆ ಹೋಯಿತೆಂದು ನಾನು ಕೇಳಿಲ್ಲ. ಪಕ್ಕದ ಅಂಗಡಿಯವನು ಬಾಗಿಲು ಹಾಕಿಕೊಂಡು ಕೂತಿದ್ದ. ನನ್ನ ತಮ್ಮ ಆ ಕೋಟಿನ ಮೇಲೆ ಮೊಣಕೈ ಊರಿ, ಅಂಗೈ ಮೇಲೆ ಗಲ್ಲ ಇಟ್ಟುಕೊಂಡು, "ಹೇಗಿದ್ದೀಯ ಅಕ್ಕ?" ಎಂದ.

"ನಾನು ಚೆನ್ನಾಗಿದ್ದೀನಿ. ನಿನ್ನ ಮೂಗಿಗೆ ಏನಾಯ್ತು?"

ಅವನು ಕೋಟಿನ ಮೇಲಿಂದ ಮೊಣಕೈ ತೆಗೆದ. ಆಮೇಲೆ ಇಸ್ತ್ರಿ ಮೇಜಿನ ಹಿಂದೆ ಸ್ಟೂಲ್ ಮೇಲೆ ಕೂತು ಎಲ್ಲ ಹೇಳಿದ. ಉಪ್ಪು, ಸಿಹಿ, ಹುಳಿ ನಾಲಿಗೆಗೆ ತಿಳಿಯುತ್ತಂತೆ. ಉಳಿದದ್ದೆಲ್ಲ ಬಿಸಿನೀರು, ತಣ್ಣೀರು ಅಷ್ಟೇ. ಹೆಂಡತಿಗೂ ಹೇಳಿಲ್ಲ. ಊಟಕ್ಕೆ ಕೂತಾಗ ದಿನಾ ಒಂದು ಸಲ "ಘಮ್ ಅಂತಿದೆ" ಅಂತಾನಂತೆ. ಒಂದು ದಿನ ಹಾಲು ಸೀದು ಪಾತ್ರೆ ಇದ್ದಿಲಾಗಿದೆ, ಇವನು ಅದೇ ಅಡುಗೆಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದನಂತೆ.

"ಮತ್ತೆ ಮೂರು ತಿಂಗಳಿಂದ ಆಫೀಸಲ್ಲಿ ಏನು ಬರೀತಿದ್ದೆ?"

"ಹಳೇ ಟಿಪ್ಪಣಿಗಳನ್ನೇ ತಿರುಗಿಸಿ ಮುರುಗಿಸಿ. ಬಾಟಲಿ ಮೇಲಿನ ಚೀಟಿ ನೋಡ್ತೀನಿ, ಜೊತೆಯವರ ಮುಖ ನೋಡ್ತೀನಿ."

"ಯಾರಿಗೂ ಗೊತ್ತಾಗಲಿಲ್ವಾ?"

"ಯಜಮಾನ್ರು ಮೊನ್ನೆ ಕರೆದು, ಈಚೆಗೆ ನಿಮ್ಮ ಬರವಣಿಗೆಗೆ ಆಳ ಬಂದಿದೆ ಅಂದ್ರು," ಎಂದು ತಲೆ ತಗ್ಗಿಸಿದ.

ನಗು ಬಂತು, ನುಂಗಿಕೊಂಡೆ. ಏಕೆಂದರೆ ಅವನು ಬಂದದ್ದು ನಗಿಸಲಿಕ್ಕಲ್ಲ. ಮುಂದಿನ ಗುರುವಾರ ಆಸ್ಟ್ರೇಲಿಯಾದ ಒಂದು ಕೆಂಪು ವೈನ್ ಪರೀಕ್ಷೆಗೆ ಬರುವುದಿತ್ತು. ಶಿರಾಜ್ ಎಂಬ ಜಾತಿಯ ದ್ರಾಕ್ಷಿ, ಹದಿನೈದು ವರ್ಷದ ಹಳೆಯದು, ಅದನ್ನು ಮಾಡಿದ ತೋಟದ ಒಡತಿಯೇ ಮೂರು ಬಾಟಲಿ ಹಿಡಿದುಕೊಂಡು ಬರುತ್ತಾಳಂತೆ. ಅಷ್ಟು ಒಳ್ಳೆಯ ಮಾಲಿಗೆ ಹಳೆಯ ಟಿಪ್ಪಣಿ ಇರುವುದಿಲ್ಲ. ಮಾಡಿದವಳೇ ಎದುರಿಗೆ ಕೂತರೆ ಬುರುಡೆ ಬಿಡುವುದು ಹೇಗೆ? ಸಿಕ್ಕಿಬಿದ್ದರೆ ಕೆಲಸ ಹೋಯಿತು. ಐವತ್ತು ದಾಟಿದವನು, ಮೂಸುವುದು ಬಿಟ್ಟು ಬೇರೆ ಏನೂ ಕಲಿತವನಲ್ಲ.

"ನೀನು ನನ್ನ ಪಕ್ಕ ಕೂತ್ಕೊ, ಅಕ್ಕ. ಅಷ್ಟೇ ಸಾಕು," ಎಂದ.

ಐದು ದಿನ ನಮ್ಮ ಮನೆಯಲ್ಲಿ ಅಭ್ಯಾಸ ನಡೆಯಿತು. ಅವನು ಆಫೀಸಿನಿಂದ ಬೇರೆ ಬೇರೆ ಬಾಟಲಿಗಳ ತಳದಲ್ಲಿ ಉಳಿದದ್ದನ್ನು ತರುತ್ತಿದ್ದ. ನಾನು ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ, ಬಚ್ಚಲಿಗೆ ಉಗಿದು, ಏನು ಅನ್ನಿಸಿತೋ ಅದನ್ನು ಹೇಳುತ್ತಿದ್ದೆ. ಅವನು ಅದನ್ನು ಅವರ ಭಾಷೆಗೆ ತಿರುಗಿಸಿ ಬರೆದುಕೊಳ್ಳುತ್ತಿದ್ದ.

"ಹೊಸ ಚಪ್ಪಲಿ ಅಂಗಡಿ," ಎಂದೆ.

"ಪಳಗಿದ ಚರ್ಮದ ಗಾಂಭೀರ್ಯ," ಎಂದು ಬರೆದ.

"ಪೆನ್ಸಿಲ್ ಕೆತ್ತಿದ ಹೊಟ್ಟು."

"ದೇವದಾರು ವನದ ನೆನಪು."

"ಲೋ, ಪೆನ್ಸಿಲ್ ಅಂದ್ರೆ ಪೆನ್ಸಿಲ್ ಕಣೋ. ವನ ಎಲ್ಲಿಂದ ಬಂತು?"

"ಪೆನ್ಸಿಲ್ ಅಂದ್ರೆ ಯಾರೂ ಕುಡಿಯಲ್ಲ ಅಕ್ಕ."

ಒಂದೇ ಒಂದು ಮಾತಿಗೆ ನಮಗೆ ಜಗಳವಾಯಿತು. ಬಲಿಯದ ದಾಳಿಂಬೆಯ ಸಿಪ್ಪೆ ಕಚ್ಚಿದರೆ ನಾಲಿಗೆ ದಪ್ಪಗಾಗಿ ಹಿಡಿದುಕೊಳ್ಳುತ್ತದಲ್ಲ, ಕೆಂಪು ವೈನ್ ಎಲ್ಲದರಲ್ಲೂ ಅದು ಇತ್ತು. "ಒಗರು," ಎಂದೆ. ಅವನು ಕಿವಿ ಮುಚ್ಚಿಕೊಂಡ.

"ಆ ಪದ ಅಲ್ಲಿ ಬಾಯಿ ತಪ್ಪಿ ಕೂಡ ಹೇಳಬೇಡ. ಒಗರು ಅಂದ್ರೆ ಹಣ್ಣಾಗದ ಕಾಯಿ, ಔಷಧಿ ಕಷಾಯ. ನಾವು ಅದನ್ನ ರೇಷ್ಮೆಯಂಥ ಹಿಡಿತ ಅಂತೀವಿ."

"ಒಗರಿಗೆ ಒಗರು ಅನ್ನದೆ ರೇಷ್ಮೆ ಅಂದ್ರೆ ರೇಷ್ಮೆಗೆ ಏನಂತೀರಿ?" ಎಂದು ಕೇಳಿದೆ. ಅವನು ಮುಂದಿನ ಬಾಟಲಿ ತೆಗೆದ.

ಪರೀಕ್ಷೆಯ ಕೋಣೆಯಲ್ಲಿ ಮೊದಲ ಹತ್ತು ನಿಮಿಷ ಯಾರೂ ಮಾತಾಡುವಂತಿಲ್ಲ, ಪಿಸುಗುಟ್ಟುವಂತೆಯೂ ಇಲ್ಲ ಎಂಬುದು ನಿಯಮ. ಹಾಗಾದರೆ ನಾನು ಹೇಳುವುದು ಹೇಗೆ? ನಮ್ಮ ಅಂಗಡಿಯಲ್ಲಿ ಪ್ರತಿ ಬಟ್ಟೆಗೂ ಒಂದು ಹಳದಿ ಚೀಟಿ ಚುಚ್ಚುತ್ತೇವೆ. ಕಲೆ ಯಾವುದೆಂದು ಅದರ ಮೇಲೆ ಒಂದೇ ಅಕ್ಷರ. 'ಎ' ಎಂದರೆ ಎಣ್ಣೆ, 'ತು' ಎಂದರೆ ತುಕ್ಕು, 'ಬೆ' ಎಂದರೆ ಬೆವರು. ಅದೇ ಪದ್ಧತಿ ಇಟ್ಟುಕೊಂಡೆವು. ಚರ್ಮಕ್ಕೆ 'ಚ', ಹುಳಿಗೆ 'ಹು', ಪೆನ್ಸಿಲಿಗೆ 'ಪೆ', ಸೀದ ಮರಕ್ಕೆ 'ಸೀ'. ಅವನ ಮಾತಿಗೆ ಬೆಲೆ ಕೊಟ್ಟು 'ಒ' ಬಿಟ್ಟೆವು. ಶಾಲೆ ಹುಡುಗನ ಹಾಗೆ ತಮ್ಮ ಎಲ್ಲ ಬಾಯಿಪಾಠ ಒಪ್ಪಿಸಿದ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋದೆವು. ಎರಡನೇ ಮಹಡಿ, ದೊಡ್ಡ ಕಿಟಕಿ, ಉದ್ದನೆ ಮೇಜು. ಮೇಜಿನ ಮೇಲೆ ಬಿಳಿ ಬಟ್ಟೆ, ಬಣ್ಣ ಚೆನ್ನಾಗಿ ಕಾಣಲೆಂದು. ಬಟ್ಟೆಯಲ್ಲಿ ಮೂರು ಹಳೆಯ ಕಲೆಗಳಿದ್ದವು, ಯಾರೋ ಬಿಸಿನೀರು ಹಾಕಿ ಉಜ್ಜಿ ಕೆಡಿಸಿದ್ದರು. ನನ್ನ ಕೈ ತುರಿಸಿತು. ಪ್ರತಿ ಕುರ್ಚಿಯ ಮುಂದೆ ಒಂದು ಗ್ಲಾಸು, ಒಂದು ಅಂಕಪಟ್ಟಿ, ಒಂದು ಪೆನ್ಸಿಲು, ಉಗಿಯಲು ಫಳಫಳ ಹೊಳೆಯುವ ಒಂದು ಬಕೆಟ್. ಸಮುದ್ರ ದಾಟಿಸಿ ತಂದದ್ದನ್ನು ಉಗಿಯಲಿಕ್ಕೆ ಇಷ್ಟು ಮರ್ಯಾದೆ. ನಮ್ಮಮ್ಮ ನೋಡಿದ್ದರೆ ಇವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೇರೆ ಥರ ಉಗಿಯುತ್ತಿದ್ದಳು.

"ಕನ್ನಡಕ ಒಡೆದಿದೆ, ಬರೆದುಕೊಳ್ಳೋಕೆ ಅಕ್ಕನ್ನ ಕರ್ಕೊಂಡು ಬಂದಿದ್ದೀನಿ," ಎಂದು ತಮ್ಮ ಎಲ್ಲರಿಗೂ ಹೇಳಿದ. ಯಜಮಾನರು ತಲೆಯಾಡಿಸಿದರು. ಅವರು ಕುಡಿಯುವವರಲ್ಲ, ಹೊಟ್ಟೆಹುಣ್ಣು. ಉಳಿದಂತೆ ಮೇಜಿನಲ್ಲಿ ಮೂವರು. ಒಬ್ಬರು ನಿವೃತ್ತ ಜಡ್ಜು, ತೀರ್ಪು ಕೊಡುವ ಚಟ ಬಿಡಲಾರದೆ ಇಲ್ಲಿಗೆ ಬರುತ್ತಿದ್ದರು. ಒಬ್ಬ ಅಂಕಣಕಾರ, ಪತ್ರಿಕೆಯಲ್ಲಿ ಪ್ರತಿ ವಾರ ವೈನಿನ ಬಗ್ಗೆ ಬರೆಯುವವನು. ಸೆಂಟು ಹಾಕಿಕೊಂಡು ಒಳಗೆ ಬರಬಾರದೆಂದು ಬಾಗಿಲ ಮೇಲೆ ದೊಡ್ಡದಾಗಿ ಬರೆದಿತ್ತು, ಅವನು ಅದರಲ್ಲೇ ಸ್ನಾನ ಮಾಡಿಕೊಂಡು ಬಂದಿದ್ದ. ಮೂರನೆಯವಳು ಕಂಪನಿಗೆ ಹೊಸದಾಗಿ ಸೇರಿದ, ಮೂವತ್ತೈದರ ಆಸುಪಾಸಿನ ಹೆಂಗಸು. ಯಾವುದೋ ದೇಶಕ್ಕೆ ಹೋಗಿ ಮೂಸುವುದರಲ್ಲಿ ಸರ್ಟಿಫಿಕೇಟು ತಂದಿದ್ದಳು. ನಾನು ಮನಸ್ಸಿನಲ್ಲೇ ಅವಳಿಗೆ ಸರ್ಟಿಫಿಕೇಟಮ್ಮ ಎಂದು ಹೆಸರಿಟ್ಟೆ. ನನ್ನ ತಮ್ಮನ ಕುರ್ಚಿ ಖಾಲಿಯಾದರೆ ಕೂರುವವಳು ಅವಳೇ ಎಂದು ಅವನು ಮೊದಲೇ ಹೇಳಿದ್ದ.

ತೋಟದ ಒಡತಿ ಕಿಟಕಿಯ ಹತ್ತಿರ ನಿಂತಿದ್ದಳು. ಅರವತ್ತು ವರ್ಷದ ಗಟ್ಟಿ ಹೆಂಗಸು, ಬಿಸಿಲಿಗೆ ಸುಟ್ಟ ಕುತ್ತಿಗೆ, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ನೇರಳೆ ಬಣ್ಣ. ಆ ಉಗುರು ನೋಡಿ ನನಗೆ ಅವಳ ಮೇಲೆ ಗೌರವ ಬಂತು. ಅಂಕ ಹಾಕಿ ಮುಗಿಯುವ ತನಕ ವೈನ್ ಮಾಡಿದವರು ಅದನ್ನು ಮುಟ್ಟುವಂತಿಲ್ಲ, ಅದೂ ಒಂದು ನಿಯಮ. ಅವಳ ಮಾತನ್ನು ಸರ್ಟಿಫಿಕೇಟಮ್ಮ ನಮಗೆಲ್ಲ ತಿಳಿಯುವ ಹಾಗೆ ಹೇಳುತ್ತಿದ್ದಳು.

ಬಾಟಲಿ ತೆರೆಯುವುದು ಮುಖ್ಯ ರುಚಿಗಾರನ ಹಕ್ಕು. ತಮ್ಮ ಬಿರಡೆ ತೆಗೆದ, ಅದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ, ಸಂತೃಪ್ತಿಯಿಂದ ತಲೆಯಾಡಿಸಿದ. ಆ ಬಿರಡೆಯ ಜಾಗದಲ್ಲಿ ಸೀಮೆಎಣ್ಣೆ ಬತ್ತಿ ಇಟ್ಟಿದ್ದರೂ ಅಷ್ಟೇ ಸಂತೃಪ್ತಿಯಿಂದ ತಲೆಯಾಡಿಸುತ್ತಿದ್ದ. ಗ್ಲಾಸುಗಳಿಗೆ ಸುರಿದದ್ದಾಯಿತು, ಹತ್ತು ನಿಮಿಷದ ಮೌನ ಶುರುವಾಯಿತು.

ನಮ್ಮ ಉಪಾಯದಂತೆ ಅವನು ಬಣ್ಣ ನೋಡುವ ನೆಪದಲ್ಲಿ ಗ್ಲಾಸನ್ನು ಓರೆ ಮಾಡಿ ನನ್ನ ಕಡೆ ಹಿಡಿದ. ನಾನು ಬರೆಯಲು ಬಗ್ಗಿ ಮೂಸಿದೆ.

ಮುಗ್ಗಲು.

ಇನ್ನೊಂದು ಸಲ ಮೂಸಿದೆ. ಸಂಶಯವೇ ಇಲ್ಲ. ಸರಿಯಾಗಿ ಒಣಗದೆ ಮಡಚಿ ಪೆಟ್ಟಿಗೆಯಲ್ಲಿಟ್ಟ ಕಂಬಳಿ, ನೀರು ಕುಡಿದ ರಟ್ಟು, ಬೀಗ ಹಾಕಿದ ನೆಲಮಾಳಿಗೆ. ಮಳೆ ತಿಂಗಳುಗಳಲ್ಲಿ ದಿನಕ್ಕೆ ಇಪ್ಪತ್ತು ಬಟ್ಟೆ ಈ ವಾಸನೆ ಹೊತ್ತು ನನ್ನ ಮೇಜಿಗೆ ಬರುತ್ತವೆ. ಹಣ್ಣು ಎಲ್ಲೋ ಕೆಳಗೆ ಉಸಿರುಕಟ್ಟಿಕೊಂಡು ಬಿದ್ದಿತ್ತು. ಬಾಟಲಿ ಕೆಟ್ಟಿದೆ ಎಂದು ಹೇಳಲು ಸರ್ಟಿಫಿಕೇಟು ಬೇಕಿರಲಿಲ್ಲ. ಅಂಗಡಿಯಿಂದ ತಂದ ಹಳದಿ ಚೀಟಿ ಹರಿದು 'ಮು' ಎಂದು ಬರೆದೆ. ತಮ್ಮನಿಗೆ ಖಾತ್ರಿಯಾಗಲಿ ಎಂದು ಕೆಳಗೆ ಎರಡು ಗೆರೆ ಎಳೆದು ಅವನ ಕಡೆ ತಳ್ಳಿದೆ.

ಚೀಟಿ ತಳ್ಳಿದ ಮೇಲೆ ನನ್ನ ತಪ್ಪು ನೆನಪಾಯಿತು. ಮನೆಯಲ್ಲಿ ಕೆಟ್ಟ ಬಾಟಲಿ ಒಂದೂ ಬಂದಿರಲಿಲ್ಲ. 'ಮು' ಎಂದರೆ ಏನೆಂದು ನಾನು ಅವನಿಗೆ ಹೇಳಿಕೊಟ್ಟೇ ಇರಲಿಲ್ಲ. ನನಗೆ ಅದು ಎಷ್ಟು ದಿನನಿತ್ಯದ ಅಕ್ಷರವೆಂದರೆ, ಹೇಳಿಕೊಡಬೇಕೆಂದೇ ಹೊಳೆದಿರಲಿಲ್ಲ.

ತಮ್ಮ ಚೀಟಿ ನೋಡಿದ. ಹುಬ್ಬು ಗಂಟಾಯಿತು. ಎರಡು ಗೆರೆ ನೋಡಿ ಹುಬ್ಬು ಸಡಿಲವಾಯಿತು. ನಾನು ಅವನ ಕಡೆ ತಿರುಗಿ ಕಣ್ಣು ದೊಡ್ಡದು ಮಾಡಿದೆ. ಅವನು ತಿಳಿಯಿತು ಎಂಬಂತೆ ಕಣ್ಣು ಮಿಟುಕಿಸಿದ. ಅಷ್ಟರಲ್ಲಿ ಯಜಮಾನರು ಗಂಟೆ ಬಾರಿಸಿದರು. ಮೊದಲ ಮಾತು ಯಾವಾಗಲೂ ಮೂಗಣ್ಣನದು.

ಅವನು ಎದ್ದು ನಿಂತ.

"ಮುಪ್ಪು," ಎಂದ.

ಅಯ್ಯೋ ನನ್ನ ಕರ್ಮವೇ ಎಂದುಕೊಂಡೆ.

"ಇದರಲ್ಲಿ ನನಗೆ ಮೊದಲು ಸಿಕ್ಕಿದ್ದು ಮುಪ್ಪು. ವಯಸ್ಸಾಗಿರೋ ವೈನ್‌ಗಳು ಬೇಕಾದಷ್ಟಿವೆ. ವಯಸ್ಸನ್ನ ಒಪ್ಪಿಕೊಂಡಿರೋ ವೈನ್ ಇದೊಂದೇ. ಇದು ತನ್ನ ಹಣ್ಣನ್ನ ಮುಂದೆ ಹಿಡಿದು ತೋರಿಸಲ್ಲ. ಹಿಂದೆ ಸರಿದು ನಿಂತು, ನೀವೇ ಬನ್ನಿ ಅನ್ನುತ್ತೆ."

ಮೇಜಿನ ಕೆಳಗೆ ಅವನ ಕಾಲು ತುಳಿದೆ. ಅವನು ಅದನ್ನು ಶಹಭಾಸ್ ಎಂದುಕೊಂಡ.

"ಒಂದು ಹಳೇ ಮನೆಯ ಬಾಗಿಲು ತೆರೆದ ಹಾಗೆ," ಎಂದು ಮುಂದುವರಿಸಿದ. ಇನ್ನೂ ಜೋರಾಗಿ ತುಳಿದೆ. "ಎಷ್ಟೋ ವರ್ಷದಿಂದ ಯಾರೂ ಕಾಲಿಡದ ಕೋಣೆ, ಅಲ್ಲಿ ಗಾಳಿಗೂ ವಯಸ್ಸಾಗಿದೆ. ನನ್ನ ಕಡೆಯಿಂದ ತೊಂಬತ್ತೇಳು."

ಚಪ್ಪಲಿ ಬಿಚ್ಚಿ ಹೊಡೆಯೋಣವೆನ್ನಿಸಿತು. ಸಿಟ್ಟು ಬಂದದ್ದು ಅವನ ಮೇಲೋ, ಅಕ್ಷರ ಬರೆದ ನನ್ನ ಮೇಲೋ ಹೇಳಲಾರೆ. ಆದರೆ ನಿಜವಾದ ತಮಾಷೆ ಆಮೇಲೆ ಶುರುವಾಯಿತು. ಜಡ್ಜು ಗ್ಲಾಸನ್ನು ಮತ್ತೊಮ್ಮೆ ಮೂಸಿ, "ಮೇಲಿನ ಅಭಿಪ್ರಾಯಕ್ಕೆ ನನ್ನ ಪೂರ್ಣ ಸಹಮತ ಇದೆ. ಆ ಮುಚ್ಚಿದ ಕೋಣೆ ನನಗೂ ಸ್ಪಷ್ಟವಾಗಿ ಕಾಣಿಸ್ತು," ಎಂದು ತೊಂಬತ್ತಾರು ಕೊಟ್ಟರು. ಅಂಕಣಕಾರ ಕಣ್ಣು ಒರೆಸಿಕೊಂಡು, "ಕೋಣೆಯೊಳಗೆ ಒಂದು ತೊಟ್ಟಿಲಿದೆ. ಖಾಲಿ ತೊಟ್ಟಿಲು," ಎಂದು ತೊಂಬತ್ತೆಂಟು ಕೊಟ್ಟ. ಇನ್ನು ಇಬ್ಬರಿದ್ದಿದ್ದರೆ ಆ ಕೋಣೆಗೆ ಬಾಡಿಗೆದಾರರೂ ಬರುತ್ತಿದ್ದರು.

ಸರ್ಟಿಫಿಕೇಟಮ್ಮ ಏನೂ ವಿವರಿಸಲಿಲ್ಲ. "ತೊಂಬತ್ತೈದು," ಎಂದು ಮೆಲ್ಲಗೆ ಹೇಳಿ ಅಂಕಪಟ್ಟಿಯನ್ನು ಬೋರಲು ಹಾಕಿದಳು. ಅವಳ ತೋಳಿನ ಹತ್ತಿರ ಬಿಳಿ ಬಟ್ಟೆಯ ಮೇಲೆ ರಬ್ಬರಿನ ಪುಡಿ ಬಿದ್ದಿತ್ತು. ನನ್ನ ಕಣ್ಣು ಅಂಥದ್ದನ್ನು ಬಿಡುವುದಿಲ್ಲ.

ಅಂಕ ಹಾಕಿ ಮುಗಿಯಿತಲ್ಲ, ತೋಟದ ಒಡತಿ ನಗುತ್ತಾ ಬಂದು ತನ್ನ ಗ್ಲಾಸಿಗೂ ಸ್ವಲ್ಪ ಹಾಕಿಸಿಕೊಂಡಳು. ಮೂಗಿನ ಹತ್ತಿರ ತಂದಳು. ನಗು ಹಾಗೇ ನಿಂತಿತು. ಕುಡಿಯಲೇ ಇಲ್ಲ. ಗ್ಲಾಸನ್ನು ಮೇಜಿನ ಮೇಲಿಟ್ಟು ನಾಲ್ಕು ಮಾತು ಹೇಳಿದಳು.

ಸರ್ಟಿಫಿಕೇಟಮ್ಮನ ಮುಖ ಕೆಂಪಾಯಿತು. "ಕ್ಷಮಿಸಿ ಅಂತಿದ್ದಾರೆ," ಎಂದಳು. "ಬಿರಡೆ ಕೆಟ್ಟು ವೈನನ್ನೂ ಕೆಡಿಸಿದೆಯಂತೆ. ಅಪರೂಪಕ್ಕೆ ಒಂದೊಂದು ಹೀಗಾಗುತ್ತಂತೆ. ಇದನ್ನ ಚೆಲ್ಲಿಬಿಡಿ, ಬೇರೆ ತೆರೆಯೋಣ ಅಂತಿದ್ದಾರೆ. ಆಮೇಲೆ..." ಎಂದು ತಡೆದಳು. "ಇದಕ್ಕೆ ತೊಂಬತ್ತೇಳು ಕೊಟ್ಟವರು ಯಾರು ಅಂತ ಕೇಳ್ತಿದ್ದಾರೆ."

ಕೋಣೆಯಲ್ಲಿ ಕೆಮ್ಮು ಹರಡಿತು. ಜಡ್ಜು, "ನನಗೆ ಮೊದಲೇ ಅನುಮಾನ ಇತ್ತು. ಸಾಕ್ಷ್ಯ ಸಾಲದೆ ಸುಮ್ಮನಿದ್ದೆ," ಎಂದರು. ಅಂಕಣಕಾರ, "ನನ್ನ ತೊಂಬತ್ತೆಂಟು ವ್ಯಂಗ್ಯ. ನನ್ನ ಓದುಗರಿಗೆ ಅದು ಅರ್ಥ ಆಗ್ತಿತ್ತು," ಎಂದ. ಜೊತೆಗೆ ಇಬ್ಬರಿಗೂ ಎರಡು ದಿನದಿಂದ ಶೀತವಾಗಿದ್ದುದು ಈಗ ನೆನಪಾಯಿತು. ನನ್ನ ತಮ್ಮ ಮಾತ್ರ ಬಿಳುಚಿಕೊಂಡು, ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ.

ಯಜಮಾನರು ಅವನ ಹತ್ತಿರ ಬಂದರು. ಬೈಯಲಿಕ್ಕೆಂದೇ ಬಂದರು, ಬಾಯಿ ತೆರೆದದ್ದು ಅದಕ್ಕೇ. ಅಷ್ಟರಲ್ಲಿ ಅವನ ಗ್ಲಾಸಿನ ಪಕ್ಕದಲ್ಲಿದ್ದ ಹಳದಿ ಚೀಟಿ ಅವರ ಕಣ್ಣಿಗೆ ಬಿತ್ತು. ಎತ್ತಿಕೊಂಡರು.

"'ಮು'," ಎಂದು ಓದಿದರು. "ಕೆಳಗೆ ಎರಡು ಗೆರೆ. ಏನಮ್ಮಾ ಇದು? ನೀವೇ ಬರೆದಿದ್ದಲ್ವಾ?"

ಎಲ್ಲರೂ ನನ್ನ ಕಡೆ ತಿರುಗಿದರು.

"ಮುಗ್ಗಲು," ಎಂದೆ.

ಯಜಮಾನರು ಚೀಟಿ ನೋಡಿದರು, ತಮ್ಮನನ್ನು ನೋಡಿದರು. ಅವರ ಮುಖದ ಮೇಲೆ ಬೆಳಕು ಹರಿಯುವುದು ನನಗೇ ಕಾಣಿಸಿತು. "ಅಂದ್ರೆ ಮೂಗಣ್ಣನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮುಪ್ಪು ಅಂತ ಆಟ ಆಡಿಸಿದ್ದಾರೆ. ಇವರೆಲ್ಲ ಹಿಂದೆ ಬರ್ತಾರಾ ಅಂತ ನೋಡೋಕೆ. ಹೌದೇನಮ್ಮ? ಅವರೇ ತಾನೇ ಬರೆಸಿದ್ದು?"

ಮೂವತ್ತೊಂದು ವರ್ಷದಲ್ಲಿ ನಾನು ಒಬ್ಬ ಗಿರಾಕಿಗೂ ಕಲೆಯ ವಿಷಯದಲ್ಲಿ ಸುಳ್ಳು ಹೇಳಿದವಳಲ್ಲ. ತಮ್ಮ ನನ್ನನ್ನೇ ನೋಡುತ್ತಿದ್ದ. ಚಿಕ್ಕವನಿದ್ದಾಗ ಶಾಲೆಯಲ್ಲಿ ಪ್ಯಾಂಟು ಒದ್ದೆ ಮಾಡಿಕೊಂಡು ಬಂದು ಮನೆ ಬಾಗಿಲ ಹಿಂದೆ ನಿಂತು ಹೀಗೇ ನೋಡಿದ್ದ. ಆಗ ಅವನ ಮೇಲೂ ನನ್ನ ಲಂಗದ ಮೇಲೂ ನೀರು ಸುರಿದು, ಕೊಡ ಉರುಳಿತು ಎಂದು ಅಮ್ಮನಿಗೆ ಹೇಳಿದ್ದೆ. ಅದೇ ಕೊನೆಯ ಸುಳ್ಳು.

"ಹೌದು," ಎಂದೆ. "ಅವನೇ ಬರೆಸಿದ."

ಯಜಮಾನರು ಚಪ್ಪಾಳೆ ತಟ್ಟಿದರು. ಜಡ್ಜೂ ತಟ್ಟಿದರು. ಅಂಕಣಕಾರ ಎದ್ದು ನಿಂತು ತಟ್ಟಿದ. ನನ್ನ ತಮ್ಮ ಮಾತ್ರ ತಟ್ಟಿಸಿಕೊಳ್ಳಲಿಲ್ಲ. ಒಂದು ಕೈ ಮೇಲೆತ್ತಿ ನಿಲ್ಲಿಸಿದ.

"ಅಕ್ಕ ಸುಳ್ಳು ಹೇಳ್ತಿದ್ದಾಳೆ," ಎಂದ. "ಅವಳು ಹೇಳೋಳಲ್ಲ. ನನ್ನಿಂದ ಹೇಳೋ ಹಾಗಾಯ್ತು. ಮೂರು ತಿಂಗಳಿಂದ ನನಗೆ ವಾಸನೆ ಬರಲ್ಲ ಸಾರ್. ಏನೂ ಬರಲ್ಲ. ಮೂಸಿದ್ದು ಅವಳು. 'ಮು' ಅಂದ್ರೆ ಏನೂಂತ ಗೊತ್ತಾಗದೆ ನಾನು ಬಾಯಿಗೆ ಬಂದಿದ್ದು ಒದರಿದೆ."

ಯಜಮಾನರು ನಿಧಾನಕ್ಕೆ ಕುರ್ಚಿ ಎಳೆದುಕೊಂಡು ಕೂತರು. "ಮೂರು ತಿಂಗಳು?" ಎಂದರು. ಅವರು ಸಿಟ್ಟಾಗುತ್ತಾರೆಂದುಕೊಂಡೆ, ಆದರೆ ಯೋಚನೆಗೆ ಬಿದ್ದರು. ಆ ಮೂರು ತಿಂಗಳಲ್ಲಿ ಅವನು ಬರೆದದ್ದೆಲ್ಲ ಕಂಪನಿಯ ಬೆಲೆಪಟ್ಟಿಯಲ್ಲಿ ಅಚ್ಚಾಗಿ ಊರೆಲ್ಲ ಹಂಚಿಹೋಗಿತ್ತು. ಬಾಯಿ ಚಪ್ಪರಿಸಿ ಓದಿದವರಲ್ಲಿ ಒಬ್ಬರಾದರೂ ಇದು ಸುಳ್ಳು ಎಂದಿರಲಿಲ್ಲ.

"ನೋಡಿ," ಎಂದು ತಗ್ಗಿದ ದನಿಯಲ್ಲಿ ಶುರು ಮಾಡಿದರು. "ಮೂಸೋರು ಎಷ್ಟು ಜನ ಬೇಕಾದ್ರೂ ಸಿಗ್ತಾರೆ. ನಿಮ್ಮ ಹಾಗೆ ಬರೆಯೋರು ಸಿಗಲ್ಲ. ಕುರ್ಚಿ, ಬಟ್ಟಲು ಎಲ್ಲ ನಿಮ್ಮದೇ ಇರಲಿ. ಈ ಮಾತು ಮಾತ್ರ ಈ ಕೋಣೆ ದಾಟಬಾರದು. ನೀವು ಸುಮ್ಮನಿದ್ದುಬಿಡಿ, ಸಾಕು."

ಮೂಗಣ್ಣನನ್ನು ಮೂಗನನ್ನಾಗಿ ಮಾಡುವ ಉಪಾಯ. ಜಡ್ಜು ಇದು ಕಾನೂನಿಗೆ ವಿರುದ್ಧವೇನಲ್ಲ ಎಂದು ತಲೆಯಾಡಿಸಿದರು. ಅವನು ಬೇಡಿಕೊಂಡು ಬಂದದ್ದು ಇದನ್ನೇ, ಕೆಲಸ ಉಳಿಯಲಿ ಎಂದು. ಈಗ ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು. ಒಪ್ಪಿಕೊಳ್ಳೋ ಎಂದು ಒಂದು ಮನಸ್ಸು, ಒಪ್ಪಿಕೊಂಡರೆ ನಿನ್ನ ಮುಖ ನೋಡಲ್ಲ ಎಂದು ಇನ್ನೊಂದು.

ತಮ್ಮ ಸರಪಳಿಯನ್ನು ತಲೆಯ ಮೇಲಿಂದ ತೆಗೆದ. ಅದು ಕಿವಿಗೆ ಸಿಕ್ಕಿಕೊಂಡಿತು, ನಾನು ಬಿಡಿಸಿದೆ.

"ಮೂಸಿದವರು ಹೇಳ್ಬೇಕು ಸಾರ್," ಎಂದು ಬಟ್ಟಲನ್ನು ಮೇಜಿನ ಮೇಲಿಟ್ಟ.

"ಹಾಗಾದ್ರೆ ಇಲ್ಲಿ ಸರಿಯಾಗಿ ಮೂಸಿದವರು ಯಾರಿದ್ದಾರೆ? ನಿಮ್ಮ ಅಕ್ಕನೇ ಬರಬೇಕಷ್ಟೆ," ಎಂದು ಯಜಮಾನರು ರೇಗಿದರು.

"ನನಗೆ ಅಂಗಡಿ ಇದೆ," ಎಂದೆ. "ಆದ್ರೆ ಇನ್ನೊಬ್ಬರಿದ್ದಾರೆ." ಎದ್ದು ಹೋಗಿ ಸರ್ಟಿಫಿಕೇಟಮ್ಮನ ಅಂಕಪಟ್ಟಿಯನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದೆ. ತೊಂಬತ್ತೈದರ ಅಡಿಯಲ್ಲಿ ಕಾಗದ ಒರಟಾಗಿತ್ತು. ಅಳಿಸಿದ್ದನ್ನು ಓದುವುದು ನನ್ನ ಕಸುಬು. "ಮೊದಲು ಸೊನ್ನೆ ಬರೆದಿದ್ದೀರಿ. ಪಕ್ಕದಲ್ಲಿ ಬಿರಡೆ ಅಂತಿದೆ. ಯಾಕಮ್ಮ ಅಳಿಸಿದ್ರಿ?"

ಅವಳ ಕಣ್ಣು ತುಂಬಿಬಂತು. "ಮೂಗಣ್ಣ ಮುಪ್ಪು ಅಂದ್ರು," ಎಂದಳು. "ನನ್ನ ಮೂಗೇ ಸರಿ ಇಲ್ವೇನೋ ಅಂದ್ಕೊಂಡೆ."

ಆ ಮಾತು ಕೇಳಿ ನನ್ನ ತಮ್ಮ ಕುಗ್ಗಿಹೋದ. ಯಾರು ಬೈದಿದ್ದರೂ ಅಷ್ಟು ತಾಗುತ್ತಿರಲಿಲ್ಲ. ಬಟ್ಟಲನ್ನು ಅವಳ ಮುಂದಕ್ಕೆ ಸರಿಸಿ, "ಇನ್ನು ಮೇಲೆ ಅಳಿಸಬೇಡಿ," ಎಂದ. ನಡೆಯುತ್ತಿರುವುದೇನೆಂದು ಒಡತಿ ಕೇಳಿದಳು, ಸರ್ಟಿಫಿಕೇಟಮ್ಮ ಮೂಗು ಒರೆಸಿಕೊಳ್ಳುತ್ತಾ ಎಲ್ಲ ಹೇಳಿದಳು. ಒಡತಿ ಮೊದಲು ನನ್ನ ಕೈ ಕುಲುಕಿದಳು, ಆಮೇಲೆ ಅವಳದ್ದು. ಅತಿಥಿಯ ಎದುರಿಗೆ ಯಜಮಾನರು ಬೇಡ ಎನ್ನಲಾರದೆ ಕೂತರು.

ಎರಡನೇ ಬಾಟಲಿಯನ್ನು ಸರ್ಟಿಫಿಕೇಟಮ್ಮ ತೆರೆದಳು. ಬಿರಡೆ ಮೂಸಿ, "ಚೆನ್ನಾಗಿದೆ," ಎಂದಳು. ಅಷ್ಟೇ ಹೇಳಿದಳು. ಜಡ್ಜೂ ಅಂಕಣಕಾರನೂ ಗ್ಲಾಸಿನಲ್ಲಿ ಮೂಗು ತುರುಕಿಕೊಂಡು, ಮೊದಲು ಬೇರೆ ಯಾರಾದರೂ ಬಾಯಿ ಬಿಡಲಿ ಎಂದು ಕಾಯುತ್ತಿದ್ದರು.

ತಮ್ಮ ಕಿಟಕಿಯ ಹತ್ತಿರ ಹೋಗಿ ನಿಂತಿದ್ದ. ನನ್ನ ಗ್ಲಾಸು ತೆಗೆದುಕೊಂಡು ಅಲ್ಲಿಗೇ ಹೋದೆ.

"ನಾಳೆಯಿಂದ ನಿನ್ನ ಅಂಗಡಿಗೆ ಬರ್ಲಾ ಅಕ್ಕ? ಇಸ್ತ್ರಿ ಹಾಕ್ತೀನಿ."

"ಇಸ್ತ್ರಿ ಬೇಡ. ಬಟ್ಟೆ ಸೀದ್ರೂ ನಿನಗೆ ಗೊತ್ತಾಗಲ್ಲ. ಗುಂಡಿ ಹೊಲಿಯೋಕೆ ಕೂತ್ಕೊ. ಅದಕ್ಕೆ ಮುಂಚೆ ಇವತ್ತು ಮನೆಗೆ ಹೋಗಿ ಹೆಂಡತಿಗೆ ಹೇಳು."

"ಹೂಂ," ಎಂದ. ಆಮೇಲೆ ಗ್ಲಾಸು ನೋಡುತ್ತಾ, "ಹೇಗಿದೆ ಅದು?" ಎಂದು ಕೇಳಿದ. ಬರೆದುಕೊಳ್ಳಲಿಕ್ಕಲ್ಲ, ಸುಮ್ಮನೆ ತಿಳಿಯಲಿಕ್ಕೆ ಕೇಳಿದ.

ಮೂಸಿದೆ. "ಅಪ್ಪನ ಚರ್ಮದ ಚೀಲ ನೆನಪಿದೆಯಾ?" ಎಂದೆ. "ಕೆಲಸದಿಂದ ಬಂದು ಬಾಗಿಲ ಹತ್ತಿರ ಇಡ್ತಿದ್ರಲ್ಲ, ಬಿಸಿಲಿಗೆ ಕಾದಿರ್ತಿತ್ತು. ನಾವಿಬ್ರೂ ತಲೆ ಒಳಗೆ ಹಾಕಿ ಹುಡುಕ್ತಿದ್ವಿ. ಪೆನ್ಸಿಲ್, ಮೆಣಸಿನ ಪೊಟ್ಟಣ, ತಳದಲ್ಲಿ ನಮಗೇಂತ ತಂದ ಹಣ್ಣು ಜಜ್ಜಿಹೋಗಿ ರಸ ಸುರಿದಿರ್ತಿತ್ತು. ಹಾಗಿದೆ ಕಣೋ."

ಹೇಳಿ ಮುಗಿಸಿದ ಮೇಲೆ ನಾನೂ ಅಂಕಣಕಾರನ ಹಾಗೆ ಶುರು ಮಾಡಿದೆನಲ್ಲ ಎಂದು ನಾಚಿಕೆಯಾಯಿತು. ಹಿಂದಿನಿಂದ ಪೆನ್ಸಿಲ್ಲಿನ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಆ ಅಂಕಣಕಾರ 'ಅಪ್ಪನ ಚೀಲ' ಎಂದು ಬರೆದುಕೊಳ್ಳುತ್ತಿದ್ದ.

ತಮ್ಮ ಗ್ಲಾಸು ತೆಗೆದುಕೊಂಡ. ಮೂಗಿನ ಹತ್ತಿರ ಒಯ್ಯಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ತೆರೆದೇ ಇಟ್ಟು, ಬಹಳ ಹೊತ್ತು ಇಟ್ಟುಕೊಂಡ. ಉಗಿಯಲಿಲ್ಲ, ನುಂಗಿದ. ನಾಲಿಗೆಯನ್ನು ಅಂಗುಳಿಗೆ ಎರಡು ಸಲ ಒತ್ತಿ ನೋಡಿದ.

"ಒಗರು," ಎಂದ.

"ಏನಂದೆ?"

"ಒಗರು ಇದೆ ಅಕ್ಕ. ನಾಲಿಗೆ ಹಿಡ್ಕೊಳ್ತಿದೆ." ಇನ್ನೊಂದು ಗುಟುಕು ಹಾಕಿಕೊಂಡ. "ಇದನ್ನ ಯಾರೂ ಹೇಳಿಕೊಟ್ಟಿಲ್ಲ. ಇದು ನನಗೇ ಗೊತ್ತಾಯ್ತು."